ಹಿಂದಿರುಗುವ ಬೋಗಿಗಳ ಲೆಕ್ಕ

ಮತ್ತೆ ‘ನಾವು’ ಅಂದಳು ರೀಪೆಕಾ, ಇದು ನಾಲ್ಕನೆಯ ಸಲ, ನಾವು ಲೆಕ್ಕ ಹಾಕಿದ್ದೇವೆ, ನಾವು ಲಾರಿಗಳನ್ನು ಎಣಿಸಿದ್ದೇವೆ — ನಮ್ಮ ಕುಲದ ಸಭಾಮನೆಯ ಜಮಖಾನದ ಮೇಲೆ ಕೂತವರೆಲ್ಲ ತಲೆದೂಗುತ್ತಿದ್ದಾರೆ, ಇವಳು ಎಣಿಸಿದಳೇ, ಯಾವಾಗ, ರಾಜಧಾನಿ ವೆಲ್ಲಿಂಗ್ಟನ್ನಿನ ಆಫೀಸಿನ ಕಿಟಕಿಯಿಂದಲೇ? ಚಿಕ್ಕಪ್ಪನ ಮಗಳು, ಮೂರು ತಿಂಗಳ ಹಿಂದೆ ಊರಿಗೆ ಬಂದವಳು, ಅಕ್ಕಾ, ನಿನ್ನ ಹಳೇ ನೋಟ್‌ಬುಕ್ಕು ಒಂದಿನ ಕೊಡ್ತೀಯಾ ಅಂದಳು, ಕೊಟ್ಟೆ, ಬ್ರೆಡ್ಡು ಕಟ್ಟಿಕೊಟ್ಟ ಹಾಗೆ ಚೀಲಕ್ಕೆ ಹಾಕಿ ಕೊಟ್ಟೆ. ಐದು ವರ್ಷ ನಾನು ಹೆದ್ದಾರಿ ಬದಿಯ ಅಂಗಡಿಯಲ್ಲಿ ಮೀನು ಕರಿಯುತ್ತ ಬರೆದದ್ದು, ಬಂದರಿಗೆ ಪೈನ್ ದಿಮ್ಮಿ ಹೊತ್ತ ಲಾರಿ ದಿನಕ್ಕೆ ನೂರ ಹತ್ತು, ಹಿಂದಿರುಗುವಾಗ ಎಲ್ಲವೂ ಖಾಲಿ. ಪ್ರವಾಹಕ್ಕೆ ಹಳಿ ಕೊಚ್ಚಿಹೋಗಿ ಹನ್ನೆರಡು ವರ್ಷ, ರೈಲು ಮತ್ತೆ ಓಡಿಸಿದರೆ ನಷ್ಟವೆಂದು ಸರ್ಕಾರದವರು ಎರಡು ವರದಿ ಬರೆದರು, ಹಿಂದಿರುಗುವಾಗ ಬೋಗಿಯೂ ಖಾಲಿಯೇ ಬರುತ್ತದೆಂದು ಅವರು ಲೆಕ್ಕ ಹಿಡಿದಿದ್ದರು — ಬರುವಾಗ ಹುಲ್ಲುಗಾವಲಿಗೆ ಗೊಬ್ಬರ, ಸುಣ್ಣ ತುಂಬಿಕೊಂಡು ಬಂದರೆ? ಸಾಗಣೆ ಖರ್ಚು ಟನ್ನಿಗೆ ಒಂಬತ್ತು ಡಾಲರು ಇಳಿಯುತ್ತದೆ, ಲಾರಿಗಿಂತ ಅಗ್ಗ. ಎಣ್ಣೆಯ ಕಲೆ ಬಿದ್ದ ಪುಟದಲ್ಲಿತ್ತು ಅದು, ಈಗ ರೀಪೆಕಾಳ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ಹೊಳೆಯುತ್ತಿದೆ, ಕಲೆಯಿಲ್ಲ, ನಾನಿಲ್ಲ. ತಾಮಾತಿ ದೊಡ್ಡಪ್ಪ ಕೋಲು ಕುಟ್ಟುತ್ತಾನೆ, ಎಷ್ಟು ತಲೆಯೇ ರೀಪೆಕಾ ನಿಂದು, ನಿಮ್ಮಪ್ಪ ಬದುಕಿದ್ರೆ ಖುಷಿಗೆ ಎಂಜಿನ್ ಮೇಲೇ ಮಲಗ್ತಿದ್ದ, ಎಲ್ಲರೂ ನಗುತ್ತಾರೆ, ಪಕ್ಕದ ವಿಕಿ ಚಿಕ್ಕಮ್ಮ ನನ್ನ ತೋಳು ತಿವಿಯುತ್ತಾಳೆ, ಏನೇ ಕರರೈನಾ, ಮೀನಿನ ವಾಸನೆ ಇಲ್ಲಿಗೂ ತಂದಿದೀಯಲ್ಲ, ಹೊಟ್ಟೆ ಹಸೀತಿದೆ ನಂಗೆ. ನಾನೂ ನಗುತ್ತೇನೆ, ದವಡೆ ನೋಯುತ್ತದೆ.

ಹನ್ನೊಂದು ಕಿಲೋಮೀಟರು, ಸರ್ಕಾರ ಹಳಿಗೆಂದು ಮುತ್ತಜ್ಜನಿಂದ ಕಿತ್ತುಕೊಂಡ ನೆಲದ ಪಟ್ಟಿ, ಹೋದ ವರ್ಷ ನಮಗೆ ಮರಳಿತು, ನಾನೂರ ಹನ್ನೆರಡು ಪಾಲುದಾರರು, ಮಾರುವುದಿಲ್ಲ, ರೈಲಿಗೆ ಮೂವತ್ತು ವರ್ಷಕ್ಕೆ ಬಾಡಿಗೆ, ಹಳಿ ಕೆಲಸ ನಮ್ಮವರಿಗೇ — ಇದನ್ನೂ ನಾನೇ ಬರೆದಿದ್ದೆ, ರೈಲು ಬೇಕು ನನಗೆ, ಇಲ್ಲಿ ಕೂತ ಎಲ್ಲರಿಗಿಂತ ಹೆಚ್ಚು ಬೇಕು, ಇವತ್ತು ಸಭೆ ಒಪ್ಪದಿದ್ದರೆ ಶುಕ್ರವಾರ ದಿಮ್ಮಿ ಕಂಪನಿ ಲಾರಿಯವರ ಜೊತೆ ಹತ್ತು ವರ್ಷಕ್ಕೆ ಸಹಿ ಹಾಕುತ್ತದೆ, ಆಮೇಲೆ ಬೋಗಿಗೆ ಸರಕೇ ಇಲ್ಲ. ರೀಪೆಕಾ ಮುಗಿಸಿದಳು. ಈಗ ಹಾಡು, ಮಾತಾಡಿದವರ ಹಿಂದೆ ಮನೆಯ ಹೆಂಗಸರು ಎದ್ದು ಹಾಡಬೇಕು, ಹಾಡಿದರೇ ಆ ಮಾತಿಗೆ ಮನೆಯವರ ಒಪ್ಪಿಗೆ, ನಮ್ಮ ಮನೆಯ ಹಾಡಿಗೆ ಮೊದಲ ಸಾಲು ಎತ್ತುವವಳು ನಾನು, ಅಜ್ಜಿ ಅದನ್ನು ನನಗೊಬ್ಬಳಿಗೇ ಕೊಟ್ಟಳು, ಚಿಕ್ಕವರಿದ್ದಾಗ ರೀಪೆಕಾ ನನ್ನ ಪಕ್ಕ ಬಾಯಿ ಅರ್ಧ ತೆರೆದು ನಿಲ್ಲುತ್ತಿದ್ದಳು, ಎರಡನೆಯ ಸಾಲಿಗೆ ಸೇರಿಕೊಳ್ಳಲು. ಏಳು ಎನ್ನುತ್ತೇನೆ ಕಾಲಿಗೆ. ನಾವು ಲೆಕ್ಕ ಹಾಕಿದ್ದೇವೆ. ಏಳುವುದಿಲ್ಲ ಕಾಲು. ವಿಕಿ ಚಿಕ್ಕಮ್ಮ ಅರ್ಧ ಎದ್ದವಳು ಮಂಡಿಯ ಮೇಲೇ ನಿಂತಿದ್ದಾಳೆ, ಏಯ್, ಎತ್ತೇ, ಏನಾಯ್ತು, ಗಂಟಲು ಕಟ್ಟಿದೆಯಾ? ಗಂಟಲು ಸರಿಯಿದೆ, ಸಾಲು ನಾಲಗೆಯ ತುದಿಯಲ್ಲಿದೆ, ಯಾರೋ ಕೆಮ್ಮಿದರು, ಹಿಂದಿನ ಸಾಲಿನಲ್ಲಿ ಪಿಸುಮಾತು, ಅವ್ರ ಮನೇಲೇ ಒಪ್ಪಿಗೆ ಇಲ್ಲಾಂತ ಕಾಣುತ್ತೆ, ತಾಮಾತಿ ದೊಡ್ಡಪ್ಪ ಕನ್ನಡಕ ತೆಗೆದು ಒರೆಸುತ್ತ, ಹಾಡಿಲ್ಲ ಅಂದ್ಮೇಲೆ ಅವಸರ ಬೇಡಮ್ಮ, ಮುಂದಿನ ಸಭೇಲಿ ನೋಡೋಣ — ಮುಂದಿನ ಸಭೆ ಮಾರ್ಚಿಗೆ, ಶುಕ್ರವಾರಕ್ಕೆ ಮೂರೇ ದಿನ, ಈಗಲೂ ಎದ್ದರೆ ಆಗುತ್ತದೆ, ಒಂದು ಉಸಿರು ಸಾಕು, ಜನ ಜಮಖಾನದಿಂದ ಏಳುತ್ತಿದ್ದಾರೆ, ಅಡುಗೆಮನೆಯ ಕಡೆಯಿಂದ ತಟ್ಟೆಗಳ ಸದ್ದು, ರೀಪೆಕಾ ಕದಲಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ, ಸಿಟ್ಟಿಲ್ಲ ಮುಖದಲ್ಲಿ, ಚಿಕ್ಕಂದಿನ ಹಾಗೇ ಎರಡನೆಯ ಸಾಲಿಗೆ ಬಾಯಿ ಅರ್ಧ ತೆರೆದು ನಿಂತಿದ್ದಾಳೆ.