ಏಳನೆಯ ಮಡಿ

ಮಾನ್ಯ ವಾಚಕ ಮಹಾಶಯರೇ, ಊರೂರು ಅಲೆದು ಕೆಟ್ಟ ಮಣ್ಣಿಗೆ ಗೊಬ್ಬರ ಬೆರೆಸುವ ಕೂಲಿಯೊಬ್ಬನ ಈ ಅಲ್ಪ ನಿವೇದನೆಯನ್ನು ತಾವು ತಾಳ್ಮೆಯಿಂದ ಆಲಿಸಬೇಕಾಗಿ ಪ್ರಾರ್ಥನೆ.

ಪ್ರಯೋಗಾಲಯದ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ನಾನು ಹೊಲಿಗೆ ಅಜ್ಜಿಯ ಬಾಗಿಲಲ್ಲಿ ನಿಂತಿದ್ದೆ. ಆಕೆಯ ಹಿತ್ತಿಲಿನಾಚೆ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಕಾರ್ಖಾನೆಯಿತ್ತು. ಅದು ಮುಚ್ಚಿದರೂ ಸೀಸ ಮಣ್ಣಿನಲ್ಲಿ ಉಳಿಯಿತು. ಅಲ್ಲಿ ಆಡುತ್ತಿದ್ದ ಮೊಮ್ಮಗಳ ರಕ್ತದಲ್ಲೂ ಕಾಣಿಸಿತು. ಮಗುವನ್ನು ಎತ್ತಿಕೊಂಡು ಹೋದ ಮಗಳು, ಹಿತ್ತಿಲು ಸರಿಯಾಯಿತೆಂಬ ಕಾಗದ ಬರುವವರೆಗೆ ಕಾಲಿಡುವುದಿಲ್ಲವೆಂದಿದ್ದಳು.

ಗೊಬ್ಬರ ಸೀಸವನ್ನು ಹೊರಹಾಕುವುದಿಲ್ಲ; ಬೇರಿಗೆ ಸಿಗದಂತೆ ಕಟ್ಟಿಹಾಕುತ್ತದೆ, ಅಷ್ಟೆ. ಆ ಸಾಲಿನ ಏಳು ಹಿತ್ತಿಲುಗಳಲ್ಲೂ ಒಂದೇ ಅಳತೆಯಲ್ಲಿ ಕಳಿತ ಗೊಬ್ಬರ, ಇದ್ದಿಲ ಪುಡಿ, ಸುಣ್ಣ ಬೆರೆಸಿ, ಪರೀಕ್ಷೆಗೆಂದು ಸೊಪ್ಪು ಬಿತ್ತಿದ್ದೆ. ಆರು ಮಡಿಗಳ ಎಲೆ ತೇರ್ಗಡೆಯಾಗಿತ್ತು. ಅಜ್ಜಿಯದು ಆಗಿರಲಿಲ್ಲ.

"ಏನಪ್ಪಾ ಗೊಬ್ಬರದ ರಾಯ, ನಾನು ಪಾಸೋ ಫೇಲೋ?" ಮಿಷನ್ನಿನ ಮೇಲಿದ್ದ ಪುಟ್ಟ ಫ್ರಾಕಿನಿಂದ ಕಣ್ಣೆತ್ತದೆ ಕೇಳಿದಳು. "ಇದಕ್ಕಿನ್ನು ಗುಂಡಿ ಹಾಕಿದ್ರೆ ಮುಗೀತು. ಅಳತೆ ಎಲ್ಲಾ ಅಂದಾಜು. ಎರಡು ವರ್ಷದಲ್ಲಿ ಎಷ್ಟು ಬೆಳೆದಿದಾಳೋ!"

ನಾನು ಹಿತ್ತಿಲ ಬಾಗಿಲಿನತ್ತ ನಡೆದೆ. ಹಿತ್ತಿಲಲ್ಲಿ, ಮಡಿಯ ಪಕ್ಕ, ಒಂದು ಚೆಂಬು ಕಂಡಿತು. ತಳದಲ್ಲಿ ಬಿಳಿಯ ಗಷ್ಟು.

"ಅದರಲ್ಲೇನಿತ್ತು ಅಜ್ಜಿ?"

"ಹುಳಿ ಮಜ್ಜಿಗೆ ಕಣಪ್ಪಾ. ದಿನಾ ಒಂದು ಚೆಂಬು ಹಾಕ್ತಿದ್ದೆ, ಗಿಡಕ್ಕೆ ಶಕ್ತಿ ಬರುತ್ತಂತೆ. ಪಕ್ಕದ ಮನೆಯವಳಿಗೆ ಹೇಳ್ಬಿಟ್ಟೀಯ! ಅವಳದಕ್ಕಿಂತ ನಂದೇ ಮುಂದಿರಲಿ."

ಸುಣ್ಣ ಕಟ್ಟಿಹಾಕಿದ್ದ ಸೀಸವನ್ನು ಮಜ್ಜಿಗೆಯ ಹುಳಿ ಬಿಚ್ಚಿತ್ತು.

"ಅಜ್ಜಿ, ನಿಮ್ಮದು ಇನ್ನೊಂದು ಬೆಳೆ ನೋಡ್ಬೇಕು," ಎಂದೆ. "ತಪ್ಪು ನಂದೇ. ಸುಣ್ಣ ಕಡಿಮೆ ಹಾಕ್ಬಿಟ್ಟೆ. ಇವತ್ತೇ ಸರಿ ಮಾಡ್ತೀನಿ. ಇನ್ಮೇಲೆ ಬರೀ ನೀರು ಸಾಕು."

ಮಿಷನ್ನಿನ ಚಕ್ರ ನಿಂತಿತು. ಆಕೆ ನನ್ನನ್ನು ನೋಡಿದಳು, ಆಮೇಲೆ ಚೆಂಬನ್ನು.

"ನಿನ್ನ ಕೈ ಅಳತೆ ತಪ್ಪೋದಿಲ್ಲ ಕಣೋ," ಎಂದಳು.

ಮಧ್ಯಾಹ್ನದವರೆಗೆ ಅಗೆದೆ, ಬೆರೆಸಿದೆ, ಹೊಸದಾಗಿ ಬೀಜ ಉದುರಿಸಿದೆ. ಅದರ ಎಲೆ ಕೀಳಲು ಬೇರೆ ಯಾರೋ ಬರುತ್ತಾರೆ. ನಾನು ಬಿತ್ತಿದ ಕೊನೆಯ ಬೆಳೆಯನ್ನು ನಾನು ಎಲ್ಲಿಯೂ ಕಂಡವನಲ್ಲ. ಅಜ್ಜಿ ಒಮ್ಮೆ ಮಾತ್ರ ಹೊರಬಂದು, ಚೆಂಬನ್ನು ತೊಳೆದು, ನೀರು ತುಂಬಿಟ್ಟು ಒಳಹೋದಳು.

ಗುದ್ದಲಿ, ಜರಡಿ, ರಟ್ಟು ಹರಿದ ಎರಡು ಕಾದಂಬರಿಗಳನ್ನು ಚೀಲಕ್ಕೆ ತುರುಕಿದೆ. ಕಿಟಕಿಯೊಳಗೆ ಆಕೆ ಫ್ರಾಕಿನ ಅಂಚನ್ನು ಬಿಚ್ಚುತ್ತಿದ್ದಳು. ಒಳಗೆ ಮಡಚಿ ಹೊಲಿದಿದ್ದ ಬಟ್ಟೆ ನಾಲ್ಕು ಬೆರಳಷ್ಟು ಕೆಳಗಿಳಿಯಿತು. ನಾನು ಚೀಲವನ್ನು ಹೆಗಲಿಗೇರಿಸಿ ಬಸ್ಸಿನ ರಸ್ತೆ ಹಿಡಿದೆ.