ಐದನೇ ಸಾಲು

"ತಲೆ ಕಡೆ ಸ್ವಲ್ಪ ಎತ್ತಿ, ಗೋಡೆಗೆ ತಾಗುತ್ತೆ," ಎಂದ ಕೆಳಮನೆಯ ಟೈಲರ್. ನಾಲ್ಕು ಜನ ಸೇರಿ ಸ್ಟ್ರೆಚರನ್ನು ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿದರು. ನಲವತ್ತು ವರ್ಷ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಮನುಷ್ಯ, ತನ್ನದೇ ಕಟ್ಟಡದ ಲಿಫ್ಟಿನಲ್ಲಿ ಹಿಡಿಸದೆ ನಾಲ್ಕು ಮಹಡಿ ಮೆಟ್ಟಿಲಲ್ಲಿ ಇಳಿಯುತ್ತಿದ್ದ. ಬದುಕಿದ್ದರೆ ಇದಕ್ಕೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅವನೇ. ಹಿಂದೆ ಬರುತ್ತಿದ್ದ ಮಗಳಿಗೆ ನಗು ಬರಲಿಲ್ಲ. ಗಿಟಾರ್ ಕಲಿಸುವುದು ಅವಳ ಕಸುಬು. ಕ್ಲಾಸುಗಳ ನಡುವೆ ಅಪ್ಪನ ಮನೆಗೆ ತಿಂಗಳಿಗೊಮ್ಮೆ ಬಂದರೆ ಹೆಚ್ಚು.

"ಇನ್ನು ಸಂಜೆ ಆರಾಗಿದ್ದು ನಮಗೆ ಹೇಗೆ ಗೊತ್ತಾಗ್ಬೇಕು?" ಎಂದಳು ಪಕ್ಕದಲ್ಲಿದ್ದ ಎದುರುಮನೆಯ ನರ್ಸ್. "ಆರು ಅಂದ್ರೆ ಗಿಟಾರ್ ಶುರು. ಏಳು ವರ್ಷ, ಒಂದು ದಿನ ತಪ್ಪಿಸ್ಲಿಲ್ಲ."

"ಅದೇ ಹಾಡು," ಟೈಲರ್ ಏದುಸಿರು ಬಿಡುತ್ತ ಹೇಳಿದ. "ನನ್ನ ಹೊಲಿಗೆ ಮಷಿನ್ನಿಗೂ ಬಾಯಿಪಾಠ ಆಗಿದೆ. ಒಂದು ಕಡೆ ನಿಲ್ಲೋದು, ಮತ್ತೆ ಮೊದಲಿಂದ ಹಿಡಿಯೋದು."

ಮಗಳು ಮೆಟ್ಟಿಲ ಕಂಬಿ ಹಿಡಿದು ನಿಂತಳು. "ಯಾವಾಗ್ಲೂ ಮೊದಲಿಂದಾನಾ?"

"ದಿನಾ," ಎಂದ ಟೈಲರ್. "'ತಪ್ಪಿದ್ರೆ ಮೊದಲಿಂದ, ಮಗಳು ಹೇಳಿಕೊಟ್ಟಿದ್ದಾಳೆ' ಅನ್ನೋರು. ಎಷ್ಟು ಹೆಮ್ಮೆ ಅಂತೀರಿ."

\*

ಅಮ್ಮ ತೀರಿಕೊಂಡ ವರ್ಷ ಅಪ್ಪ ಒಂದು ಹೊಸ ಗಿಟಾರ್ ಹೊತ್ತುಕೊಂಡು ಅವಳ ಕ್ಲಾಸಿಗೆ ಬಂದಿದ್ದ. ಅಮ್ಮ ಬಟ್ಟೆ ಮಡಿಸುವಾಗ ಮೆಲ್ಲಗೆ ಗುನುಗುತ್ತಿದ್ದ, ತಾನೇ ಕಟ್ಟಿಕೊಂಡ ಹಾಡೊಂದಿತ್ತು. ಸಾಯುವುದರೊಳಗೆ ಅದೊಂದನ್ನು ಪೂರ್ತಿ ನುಡಿಸಬೇಕು, ಬೇರೇನೂ ಬೇಡ ಎಂದ. ಮಗಳು ಎಂಟು ಸಾಲಿನಲ್ಲಿ ಬರೆದುಕೊಟ್ಟಳು. ಐದನೇ ಸಾಲಿನಲ್ಲಿ ಕೈ ಗಿಟಾರಿನ ಕತ್ತಿನ ಮೇಲೆ ಮುಂದಕ್ಕೆ ಸರಿದು ಕಿರುಬೆರಳು ಚಾಚಬೇಕಿತ್ತು. ಅಪ್ಪನ ಕಿರುಬೆರಳು ಹಿಂದೆ ಎಂದೋ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿತ್ತು.

"ಇಲ್ಲಿಗೆ ಬಂದ್ರೆ ತಪ್ಪುತ್ತೆ ಮಗಳೇ. ಏನ್ ಮಾಡ್ಲಿ?"

ಬಾಗಿಲಲ್ಲಿ ಮುಂದಿನ ವಿದ್ಯಾರ್ಥಿನಿ ಕಾಯುತ್ತಿದ್ದಳು. "ತಪ್ಪಿದ್ರೆ ಮೊದಲಿಂದ ನುಡಿಸು."

"ಲಿಫ್ಟ್ ಮೂರನೇ ಮಹಡೀಲಿ ಕೆಟ್ರೆ ನಾವು ಸೀದಾ ಮೂರನೇ ಮಹಡಿಗೇ ಹೋಗ್ತೀವಲ್ಲ?"

"ಇದು ಲಿಫ್ಟ್ ಅಲ್ಲಪ್ಪ."

"ಆಯ್ತು. ಇಲ್ಲಿ ನೀನೇ ಮೇಷ್ಟ್ರು." ಅವನು ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಅವನು ಹೋದ ಐದು ನಿಮಿಷಕ್ಕೆ ಆ ವಿದ್ಯಾರ್ಥಿನಿಗೆ ಅವಳು ಹೇಳಿದ್ದೇ ಬೇರೆ. "ತಪ್ಪಿದ ಕಡೆ ನಿಲ್ಲು. ಆ ಎರಡು ಸ್ವರ ಮಾತ್ರ ಹತ್ತು ಸಲ ನುಡಿಸು, ನಿಧಾನಕ್ಕೆ. ಪ್ರತಿ ಸಲ ಮೊದಲಿಂದ ಹೋದ್ರೆ ಮೊದಲೇ ಚೆನ್ನಾಗಿ ಬರುತ್ತೆ, ಕೊನೆ ಬರಲ್ಲ."

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವುದು ಇದಕ್ಕೇ. ಆಮೇಲೆ ಫೋನಿನಲ್ಲಿ ಅಪ್ಪ "ಅಭ್ಯಾಸ ನಡೀತಿದೆ" ಅಂದಾಗಲೆಲ್ಲ ಅವಳು "ಒಳ್ಳೇದು" ಅಂದಳು. ಎಲ್ಲಿಗೆ ಬಂತು, ಒಂದ್ಸಲ ನುಡಿಸು ನೋಡೋಣ ಎಂದು ಕೇಳಲಿಲ್ಲ.

\*

ಎಲ್ಲ ಮುಗಿಸಿ ಬಂದು ಮೂವರೂ ಅಪ್ಪನ ಕೋಣೆಯಲ್ಲಿ ಕೂತರು. ನರ್ಸ್ ಚಹಾ ಮಾಡಿ ತಂದಳು. ಗೋಡೆಗೆ ಒರಗಿಸಿದ್ದ ಗಿಟಾರಿನ ಕತ್ತಿನಲ್ಲಿ ತುದಿಯ ಕಡೆ ಮರ ಸವೆದು ನುಣ್ಣಗಾಗಿತ್ತು. ಐದನೇ ಸಾಲಿಗೆ ಕೈ ಸರಿಯಬೇಕಾದ ಅದರಾಚೆಯ ಭಾಗ ಅಂಗಡಿಯಿಂದ ತಂದ ಹಾಗೇ ಇತ್ತು. ಅದನ್ನು ನೋಡಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಂದೇ ಒಂದು ಸಂಜೆ ಪಕ್ಕದಲ್ಲಿ ಕೂತಿದ್ದರೆ ಸಾಕಿತ್ತು.

ಆರಾಯಿತು. ಸುಮ್ಮನೆ ಕೂತಿದ್ದ ಟೈಲರ್ ತನಗೇ ತಿಳಿಯದೆ ಆ ಹಾಡು ಗುನುಗತೊಡಗಿದ. ನರ್ಸ್ ದನಿಗೂಡಿಸಿದಳು. ಐದನೇ ಸಾಲಿಗೆ ಇಬ್ಬರೂ ಒಟ್ಟಿಗೆ ನಿಂತರು, ಮತ್ತೆ ಮೊದಲಿಂದ ಹಿಡಿದರು.

ಮಗಳು ಎದ್ದು ಗಿಟಾರ್ ತೆಗೆದುಕೊಂಡಳು. ಅವರು ನಿಂತಲ್ಲಿಂದ ಶುರು ಮಾಡಿದಳು. ಕಿರುಬೆರಳು ಚಾಚುವ ಆ ಒಂದು ಜಾಗ ದಾಟಿದರೆ ಉಳಿದದ್ದು ನೀರು ಕುಡಿದಷ್ಟು ಸುಲಭ. ಐದು, ಆರು, ಏಳು, ಎಂಟನೇ ಸಾಲಿನವರೆಗೂ ನಿಧಾನವಾಗಿ ನುಡಿಸಿದಳು.

ಟೈಲರ್ ಮರ್ಯಾದೆಗೆ ತಲೆದೂಗಿದ.

"ಚೆನ್ನಾಗಿದೆ," ಎಂದಳು ನರ್ಸ್. "ಇದು ಯಾವ ಹಾಡಮ್ಮ?"

ಮಗಳ ಬೆರಳು ಕೊನೆಯ ಸ್ವರದ ತಂತಿಯನ್ನು ಒತ್ತಿಕೊಂಡೇ ಇತ್ತು.