ಅರ್ಧ ಬೆರಳು ಮುಂದೆ

ಆ ಊರಿನ ಕಡಲಿಗೆ ಸಿಟ್ಟು ಬರುವುದೇ ಅಪರೂಪ. ವರ್ಷದ ಬಹುಪಾಲು ಅಲೆ ಮೊಣಕಾಲು ಮುಟ್ಟಿದರೆ ಹೆಚ್ಚು. ದೊಡ್ಡ ಅಲೆಗೆಂದು ಮಾಡಿದ ಚೂಪು ಮೂತಿಯ ಸರ್ಫ್‌ಬೋರ್ಡುಗಳು ಅಲ್ಲಿ ಉಸುಕಿಗೆ ಸಿಕ್ಕ ದೋಣಿಯಂತೆ ನಿಂತುಬಿಡುತ್ತಿದ್ದವು. ಅದಕ್ಕೇ ಅಕ್ಕ ಸಣ್ಣ ಅಲೆಗೆಂದೇ ಹಲಗೆ ಮಾಡಲು ಕೂತಳು.

ಮನೆಯ ಹಿಂದಿನ ತಗಡಿನ ಶೆಡ್ಡೇ ಅವಳ ಕಾರ್ಖಾನೆ. ಗಿಡ್ಡ ಹಲಗೆ, ಅಗಲ ಮೈ, ಚಪ್ಪಟೆ ಹೊಟ್ಟೆ, ಎದೆಯ ಹತ್ತಿರ ತುಸು ದಪ್ಪ. ಹಲಗೆಯ ಒಡಲಾಗುವ ಫೋಮ್ ಉಜ್ಜಿ ಉಜ್ಜಿ ಅವಳ ಹುಬ್ಬೆಲ್ಲ ಬೆಳ್ಳಗಾಗಿರುತ್ತಿತ್ತು. "ನನಗಿಂತ ಮೊದಲು ನೀನೇ ಮುದುಕಿಯಾದೆಯಲ್ಲೇ" ಎಂದು ಅಮ್ಮ ನಗುತ್ತಿದ್ದಳು.

ಕಿವಿಯ ತೊಂದರೆಯಿಂದ ಅಕ್ಕ ನೀರಿಗಿಳಿಯುವಂತಿರಲಿಲ್ಲ. ಇಳಿಯುತ್ತಿದ್ದವಳು ತಂಗಿ. ದಡದಲ್ಲಿ ನಿಂತು ಅಕ್ಕ ಮೈಯೆಲ್ಲ ಕಣ್ಣಾಗಿ ನೋಡುವಳು, ತಂಗಿ ಬಂದು "ತಿರುಗೋವಾಗ ಹಲಗೆ ಬಾಲ ಜಾರುತ್ತೆ" ಎನ್ನುವಳು, ಮತ್ತೆ ಶೆಡ್ಡು.

ಕಾಡಿಸಿದ್ದು ಫಿನ್‌ಗಳು, ಅಂದರೆ ಹಲಗೆಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ನಿಲ್ಲುವ ತುಂಡುಗಳು. ದೊಡ್ಡವೆರಡನ್ನು ಅಂಚಿನಲ್ಲಿ ಹೆಚ್ಚು ಓರೆಯಿಲ್ಲದೆ ನಿಲ್ಲಿಸಿದಾಗ ಹಲಗೆ ಓಡಿತು. ಹಿಂದೆ, ನಡುವೆ, ಪುಟ್ಟದೊಂದನ್ನು ಕೂರಿಸಿದಾಗ ಜಾರುವುದು ನಿಂತಿತು. ಆದರೂ ಎಡಕ್ಕೆ ಹೊರಳುವಾಗ ತಂಗಿ ತಡವರಿಸುತ್ತಿದ್ದಳು. ಚಿಕ್ಕಂದಿನಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಪಾದದ ಕೀಲು ಪೂರ್ತಿ ಬಾಗುತ್ತಿರಲಿಲ್ಲ. ಅಕ್ಕ ಎಡಗಡೆಯ ಫಿನ್ನನ್ನು ಅರ್ಧ ಬೆರಳಿನಷ್ಟು ಮುಂದೆ ಸರಿಸಿದಳು.

ಅಂದು ತಂಗಿ ನೀರಿನಿಂದ ಓಡಿ ಬಂದು ಒದ್ದೆ ಮೈಯಲ್ಲೇ ಅವಳನ್ನು ತಬ್ಬಿಕೊಂಡಳು. "ನನ್ನ ಕಾಲು ನನಗಿಂತ ನಿನಗೇ ಚೆನ್ನಾಗಿ ಗೊತ್ತು ಕಣೇ" ಎಂದಳು. ಮರುವಾರ, ಬಣ್ಣ ಹಾಕಿಸಿಕೊಂಡು ಬರ್ತೀನಿ ಎಂದು ಹಲಗೆಯನ್ನು ಪೇಟೆಗೆ ಒಯ್ದಳು. ತರುವಾಗ ಬಣ್ಣವೇನೋ ಇತ್ತು. ಅಕ್ಕ ಹೆಚ್ಚು ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಆಸ್ಪತ್ರೆಯ ನರ್ಸ್ ಒಬ್ಬಳು ಅಂಗಡಿಯಲ್ಲಿ ಕೊಂಡ ಹೊಸ ಹಲಗೆಯೊಂದನ್ನು ಶೆಡ್ಡಿಗೆ ಹೊತ್ತು ತಂದಳು.

"ಒಳ್ಳೇ ಓಟ ಇದೆ. ಆದರೆ ಎಡಕ್ಕೆ ಎಳೆಯುತ್ತೆ. ತಪ್ಪು ನಂದೋ ಇದರದೋ, ನೋಡಿ ಹೇಳಿ."

ಅಕ್ಕ ಹಲಗೆ ಬೋರಲು ಹಾಕಿದಳು. ಅಳತೆಪಟ್ಟಿಯೇ ಬೇಕಾಗಲಿಲ್ಲ. ಎಡ ಫಿನ್ ಅರ್ಧ ಬೆರಳು ಮುಂದಿತ್ತು. ಇಡೀ ಲೋಕದಲ್ಲಿ ಒಂದೇ ಒಂದು ಕಾಲಿಗೆ ಬೇಕಿದ್ದ ಆ ಅರ್ಧ ಬೆರಳನ್ನು ಯಾವುದೋ ಕಂಪನಿ ಎಲ್ಲರಿಗೂ ಮಾರುತ್ತಿತ್ತು. ತಿರುಗಿಸಿದರೆ ಮೇಲ್ಭಾಗದಲ್ಲಿ ತಂಗಿಯ ದುಂಡು ಸಹಿ. ಸಹಿಯ ಕೆಳಗೆ 'ವಿನ್ಯಾಸ' ಎಂದಿತ್ತು.

"ತಪ್ಪು ನಿಮ್ಮದಲ್ಲ" ಎಂದಷ್ಟೇ ಹೇಳಿ, ಹಲಗೆ ಇಟ್ಟುಕೊಂಡು ನರ್ಸನ್ನು ಕಳಿಸಿದಳು. ಮಧ್ಯಾಹ್ನ ತಂಗಿ ಊಟಕ್ಕೆ ಬಂದಾಗ ಶೆಡ್ಡಿಗೆ ಕರೆದು ತೋರಿಸಿದಳು.

ತಂಗಿ ಹಲಗೆಯನ್ನೇ ನೋಡಿದಳು, ಅಕ್ಕನನ್ನಲ್ಲ. "ಕಂಪನಿಯವರು ಕೇಳಿದರು, ಕೊಟ್ಟೆ. ಅಳತೆ ತಗೊಂಡು ವಾಪಸ್ ಕೊಟ್ಟರು."

"ಬಣ್ಣಕ್ಕೆ ಅಂದಿದ್ದೆ."

"ನಿನಗೆ ಹೇಳಿದ್ರೆ ಬೇಡ ಅಂತಿದ್ದೆ."

"ಕೇಳಿ ನೋಡಿದ್ಯಾ? ಹೋಗಲಿ, ಮಾಡಿದ್ದು ಯಾರು ಅಂತ ಅವರು ಕೇಳಲಿಲ್ವಾ?"

ತಂಗಿ ಹಲಗೆಯನ್ನು ಬದಿಗೆ ಸರಿಸಿ ಹೇಳಿದಳು: "ಅಲೆ ಮೇಲೆ ನಿಂತಿದ್ದು ನಾನು ತಾನೇ. ನೀನು ಒಂದು ದಿನಾನಾದರೂ ನೀರಿಗೆ ಇಳಿದಿದ್ಯಾ?"

ಕಪಾಳಕ್ಕೆ ಹೊಡೆದಿದ್ದರೆ ಅಕ್ಕ ಸಹಿಸುತ್ತಿದ್ದಳೇನೋ. ಮೂಲೆಯ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಅಮ್ಮ ಒಳಗಿನಿಂದ "ಆರಿಹೋಗ್ತಿದೆ, ಬರ್ರೇ" ಎಂದು ಕೂಗಿದಾಗ ಇಬ್ಬರೂ ಹೋಗಿ ಎದುರುಬದುರು ಕೂತು ಉಂಡರು. ಅಮ್ಮನಿಗೆ ಏನೂ ತಿಳಿಯಲಿಲ್ಲ.

ನರ್ಸಿನ ಹಲಗೆಯನ್ನು ಅಕ್ಕ ಸರಿಮಾಡಿ ಕೊಟ್ಟಳು. ಬಾಯಿಂದ ಬಾಯಿಗೆ ಸುದ್ದಿ ಹರಡಿ ಅಂಥವೇ ಇನ್ನಷ್ಟು ಬಂದವು. ಕಂಪನಿಗೂ ದೂರು ಮುಟ್ಟಿತು. ಅವರು ಫಿನ್‌ಗಳನ್ನು ಸಮನಾಗಿಸಿ ಹೊಸದನ್ನು ಬಿಟ್ಟರು. ಆ ವರ್ಷದ ಸರ್ಫಿಂಗ್ ಪಂದ್ಯದಲ್ಲಿ ಅದನ್ನೇ ಏರಬೇಕೆಂದು ತಂಗಿಗೆ ತಾಕೀತು ಮಾಡಿದರು. ಮೊದಲ ಸುತ್ತಿನಲ್ಲೇ, ಎಡಕ್ಕೆ ಹೊರಳುವಾಗ, ಅವಳು ಮಗುಚಿಬಿದ್ದಳು.

ಒಂದು ಬೆಳಿಗ್ಗೆ ಅವಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನೀನು ಮಾಡಿದ್ದು ಸೀಳಿಹೋಯ್ತು. ನನಗೊಂದು ಮಾಡಿಕೊಡ್ತೀಯಾ?"

ಅಕ್ಕ ಕೈಯ ಕೆಲಸ ನಿಲ್ಲಿಸಲಿಲ್ಲ. "ಅಂಗಡೀಲಿ ಸಿಗುತ್ತಲ್ಲ. ನಿನ್ನ ಸಹಿ ಇರೋದೇ."

ತಂಗಿ ಬಾಗಿಲಿನಿಂದಲೇ ಹಿಂದಿರುಗಿದಳು. ಗೇಟು ಹಾಕಿಕೊಂಡ ಸದ್ದಾಯಿತು.

ಅಂದುಕೊಂಡಷ್ಟು ಸಮಾಧಾನ ಆ ಮಾತಿನಿಂದ ಸಿಗಲಿಲ್ಲ. ಎಷ್ಟು ಹೊತ್ತು ಒಂದೇ ಕಡೆ ಉಜ್ಜುತ್ತಿದ್ದಳೋ, ಕೆಳಗೆ ನೋಡಿದರೆ ಫೋಮಿನ ಆ ಜಾಗ ಅಂಗೈಯಗಲ ತಗ್ಗಾಗಿ ಕೆಟ್ಟುಹೋಗಿತ್ತು. ಅದನ್ನೆತ್ತಿ ಗೋಡೆಗೆ ಒರಗಿಸಿ, ಕಪಾಟಿನಿಂದ ಹೊಸ ಫೋಮ್ ಇಳಿಸಿಕೊಂಡಳು.